ಮೂಡಲ ತುದಿ, ಪಡುವಲ ತುದಿ

...ಅಥವಾ ಗಾಡಿ ನಿಂತದ್ದು ಸಿಂದಗಿ ದಾಟಿದ ಮೇಲೆಯೇ ಇರಬಹುದು. ಅಕ್ಕ ಹಾಗೇ ಹೇಳುತ್ತಾಳೆ. ನನ್ನ ನೆನಪಿನಲ್ಲಿ ಅದು ತಾಂಬಾದ ಹತ್ತಿರ. ಸಿಂದಗಿ ಇನ್ನೂ ಮುಂದಿತ್ತು, ರಸ್ತೆಯ ಪಕ್ಕ ಲಿಂಬೆ ತೋಟವಿತ್ತು. ಆದರೆ ಇಂಡಿಯಿಂದ ಹೊರಟವರಿಗೆ ಲಿಂಬೆ ತೋಟ ಎಲ್ಲಿ ಬೇಕಾದರೂ ಸಿಗುತ್ತದೆ, ಅದನ್ನು ಸಾಕ್ಷಿಗೆ ಕರೆಯುವಂತಿಲ್ಲ. ನೆನಪು ತನಗೆ ಬೇಕಾದ ಕಡೆ ನೆರಳು ತಂದಿಟ್ಟುಕೊಳ್ಳುತ್ತದೆ. ಈ ವಾಕ್ಯ ಚೆನ್ನಾಗಿ ಕೂತಿದೆ, ಅದಕ್ಕೇ ನನಗೆ ಅದರ ಮೇಲೆ ಅನುಮಾನ.

ಅನುಮಾನವಿಲ್ಲದ್ದನ್ನು ಮೊದಲು ಬರೆಯುತ್ತೇನೆ. ಹಳೆಯ ವ್ಯಾನು. ಅದನ್ನು ನಡೆಸುತ್ತಿದ್ದವಳು ನಾನು, ಪಕ್ಕದಲ್ಲಿ ಅಕ್ಕ. ಹಿಂದೆ ಬಿದಿರಿನ ಬುಟ್ಟಿಗಳ ತುಂಬ ಒಣಗಿಸಿ ಗರಿಗರಿ ಮಾಡಿದ ಜೋಳದ ಕಟಕ ರೊಟ್ಟಿ, ಮೇಲೆ ಒಗೆದ ಧೋತರ ಮುಚ್ಚಿ ಕಟ್ಟಿದ್ದು. ಎಲ್ಲ ಬಸವನ ಬಾಗೇವಾಡಿಯ ಒಂದು ಮದುವೆಗೆ. ಅಲ್ಲಿಯತನಕ ಅಕ್ಕ ಓಣಿಯವರಿಗೆ, ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುತ್ತಿದ್ದಳು. ಮದುವೆಯ ರೊಟ್ಟಿ ಇದೇ ಮೊದಲು. ಮದುಮಗಳ ದೊಡ್ಡವ್ವ ಫೋನಿನಲ್ಲಿ ಒಂದೇ ಷರತ್ತು ಹಾಕಿದ್ದಳು: ಮೊದಲ ಪಂಕ್ತಿ ಕೂಡುವುದರೊಳಗೆ ರೊಟ್ಟಿ ಬರಬೇಕು, ಬಂದದ್ದು ಇಡಿಯಾಗಿರಬೇಕು. ಮೊದಲ ಪಂಕ್ತಿಯಲ್ಲಿ ಕೂಡುವವರು ಬೀಗರು. ಬೀಗರ ಎಲೆಗೆ ರೊಟ್ಟಿ ಬೀಳದಿದ್ದರೆ ಆ ಮಾತು ಮದುವೆ ಮುಗಿದ ಮೇಲೂ ಊರೂರು ತಿರುಗುತ್ತದೆ, ಆಮೇಲೆ ಆ ಸುತ್ತಿನಲ್ಲಿ ಅಕ್ಕನನ್ನು ಇನ್ನೊಂದು ಮದುವೆಗೆ ಯಾರೂ ಕೇಳುವುದಿಲ್ಲ. ಇದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಇಂಡಿ ಬಿಟ್ಟಾಗಿನಿಂದ ಅದರ ಮಾತು ಇಬ್ಬರೂ ಆಡಿರಲಿಲ್ಲ.

ಮೂರನೇ ಗೇರಿನಿಂದ ಎರಡಕ್ಕೆ ಇಳಿಸಲು ಹೋದೆ. ಕೈಯಲ್ಲಿದ್ದ ಗೇರಿನ ಕಡ್ಡಿ ಏನನ್ನೂ ಹಿಡಿಯದೆ ಓಲಾಡಿತು, ಸಾರಿನಲ್ಲಿ ಸವಟು ಆಡಿಸಿದ ಹಾಗೆ. ಕ್ಲಚ್ ಒತ್ತಿ ಗಾಡಿಯನ್ನು ರಸ್ತೆಯ ಅಂಚಿಗೆ ಹರಿಯಬಿಟ್ಟೆ.

ನಾನು ಗಾಬರಿಯಾಗಲಿಲ್ಲ. ನೆನಪನ್ನು ಇಷ್ಟು ಶಂಕಿಸುವ ನಾನು ಇದನ್ನು ಮಾತ್ರ ಶಂಕಿಸುವುದಿಲ್ಲ, ಯಾಕೆಂದರೆ ಆ ವ್ಯಾನಿನ ಹೊಟ್ಟೆ ನನಗೆ ನಮ್ಮ ಅಡುಗೆಮನೆಯಷ್ಟೇ ಪರಿಚಿತ. ಗೇರಿನ ಕಡ್ಡಿ ಮುಂದೆ, ಗೇರ್ ಬಾಕ್ಸ್ ಹಿಂದೆ. ಎರಡರ ನಡುವೆ ನೆಲದ ಕೆಳಗೆ ಒಂದು ಉದ್ದನೆಯ ಕಬ್ಬಿಣದ ಸರಳು. ಮೇಲೆ ಕೈ ಹೇಳಿದ್ದನ್ನು ಸರಳು ಹಿಂದಕ್ಕೆ ಮುಟ್ಟಿಸಬೇಕು. ಸರಳಿನ ಎರಡೂ ತುದಿಗೆ ಒಂದೊಂದು ಕಣ್ಣು, ಕಣ್ಣೊಳಗೆ ಬಳೆಯಂಥ ಪ್ಲಾಸ್ಟಿಕ್ಕಿನ ಬುಶ್. ಅದು ಸವೆದು ಪುಡಿಯಾದರೆ ಸರಳು ತನ್ನ ಗೂಟದಿಂದ ಜಾರಿ ಜೋತು ಬೀಳುತ್ತದೆ. ಮುದ್ದೇಬಿಹಾಳದಲ್ಲಿ ಆ ಗಾಡಿಯನ್ನು ಕೊಂಡ ದಿನವೇ ಬುಶ್ ಸಡಿಲವಿತ್ತು. ಒಂದಿಲ್ಲೊಂದು ದಿನ ಬೀಳುವುದಿತ್ತು, ಬಿತ್ತು.

ಗೋಣಿಚೀಲ ಹಾಸಿ ಕೆಳಗೆ ಹೊಕ್ಕೆ. ಹಿಂದಿನ ತುದಿ ಜೋತಾಡುತ್ತಿತ್ತು, ಮುಂದಿನದು ಇಂದೋ ನಾಳೆಯೋ ಎನ್ನುತ್ತಿತ್ತು. ಎರಡೂ ಕಡೆ ಹೊಸ ಬುಶ್ ಬೇಕು, ಸರಳನ್ನು ಪೂರ್ತಿ ಕಳಚಬೇಕು. ಕಣ್ಣುಗಳು ಎರಡೂ ಒಂದೇ ಥರ, ಆದರೆ ಸರಳು ಒಂದು ತುದಿಯ ಹತ್ತಿರ ಸ್ವಲ್ಪ ಬಾಗಿದೆ. ಕೂಡಿಸುವಾಗ ಅದಲುಬದಲಾಗಬಾರದೆಂದು ಅಕ್ಕನಿಗೆ ತುದಿಗಳಿಗೆ ಗುರುತು ಹಾಕಲು ಹೇಳಿದೆ. ಅವಳ ಹತ್ತಿರ ಸೀಮೆಸುಣ್ಣವಿತ್ತು. ಬಗ್ಗಿ, ಒಂದು ತುದಿಗೆ ‘ಮೂ’ ಎಂದೂ ಇನ್ನೊಂದಕ್ಕೆ ‘ಪ’ ಎಂದೂ ಬರೆದಳು. ಮೂಡಲ, ಪಡುವಲ. ನಾನು ಸರಳನ್ನು ಕಳಚಿ ಅವಳ ಕೈಗೆ ಕೊಟ್ಟೆ.

ಇದರಲ್ಲಿ ಏನೋ ಎಡವಟ್ಟಿದೆ ಎಂದು ನನಗೆ ಅನ್ನಿಸಲಿಲ್ಲ. ನಾವು ಬೆಳೆದ ಮನೆಯಲ್ಲಿ ಉಪ್ಪಿನ ಡಬ್ಬಿ ಒಲೆಯ ಬಲಕ್ಕೆ ಇರಲಿಲ್ಲ, ತೆಂಕಲಿಗೆ ಇತ್ತು. ಒಂದೇ ಹಾಸಿಗೆಯಲ್ಲಿ ಮಲಗಿದಾಗ ಅವಳು ನನ್ನನ್ನು ಬಡಗಲಕ್ಕೆ ಸರಿ ಎನ್ನುತ್ತಿದ್ದಳು. ಮುಂದೆ ಹಿಂದೆ ಎಂಬುದು ನಾವು ನಿಂತ ಹಾಗೆ ಬದಲಾಗುತ್ತದೆ, ಮೂಡಲ ಬದಲಾಗುವುದಿಲ್ಲ ಎಂಬ ಭರವಸೆಯ ಮೇಲೆ ನಮ್ಮ ಮನೆಯ ಪಾತ್ರೆಪಗಡೆಗಳೆಲ್ಲ ನಿಂತಿದ್ದವು.

ಅಷ್ಟರಲ್ಲಿ ತೋಟದ ಮಾಲೀಕ ಬಂದ. ಬಿಳಿ ಗಡ್ಡದ, ತಲೆಗೆ ಟವೆಲ್ ಸುತ್ತಿದ ಮನುಷ್ಯ. ನನಗೆ ಮೊದಲು ಕಂಡದ್ದು ಅವನ ಚಪ್ಪಲಿ.

“ಏನಬೇ ತಂಗಿ, ಮಲಕ್ಕೊಳ್ಳಾಕ ನಮ್ಮ ಹೊಲದ ಬಾಜೂನ ಬೇಕಾಗಿತ್ತೇನು?”

“ಹೌದ್ರಿ ಕಾಕಾ, ಇಲ್ಲಿ ನೆರಳ ಚಲೋ ಐತಿ” ಎಂದೆ ಕೆಳಗಿನಿಂದ.

ಅವನು ಅಕ್ಕನ ಕಡೆ ತಿರುಗಿ ಬುಟ್ಟಿಯಲ್ಲೇನಿದೆ ಎಂದು ವಿಚಾರಿಸಿದ. ರೊಟ್ಟಿ ಬಿಸಿಲಿಗೆ ಕೆಡುತ್ತವೇನೋ ಎಂದು ಅವಳು ಚಿಂತೆ ಮಾಡಿದರೆ, ಕಟಕ ರೊಟ್ಟಿ ಬಿಸಿಲಿಗೆ ಅಂಜುವುದಿಲ್ಲ, ಅಂಜಬೇಕಾದವರು ನೀವು ಎಂದು ನಕ್ಕ. ನಾನು ಅವನಲ್ಲಿ ಒಂದು ತುಂಡು ಡ್ರಿಪ್ ಪೈಪು ಕೇಳಿದೆ. ಲಿಂಬೆ ಗಿಡಗಳಿಗೆ ಹನಿ ನೀರು ಬಿಡುವ ಆ ಕರಿಯ ಪೈಪು ಗೇಣುದ್ದ ಸಿಕ್ಕರೆ ನನ್ನ ವ್ಯಾನಿಗೆ ಒಂದು ವರ್ಷ ಸಾಕು. ಬ್ಲೇಡಿನಿಂದ ಕೊಯ್ದು, ಸುರುಳಿ ಮಾಡಿ ಕಣ್ಣೊಳಗೆ ತುರುಕಿದರೆ ಅಂಗಡಿಯ ಬುಶ್‌ಗಿಂತ ಗಟ್ಟಿ. ಪೈಪಿನ ಜೊತೆ ಒಂದಿಷ್ಟು ತಂತಿಯನ್ನೂ ತಂದುಕೊಟ್ಟ. ಇದರಿಂದ ಮೋಟರು ರಿಪೇರಿಯಾಗುವುದನ್ನು ನೋಡಿದ್ದೆ, ಗಾಡಿ ಮದುವೆಗೆ ಹೋಗುವುದನ್ನು ನೋಡಿರಲಿಲ್ಲ ಎಂದ.

ಹಿಂದೆ ಬಸ್ಸು ಬಂದು ಹಾರ್ನ್ ಮಾಡತೊಡಗಿತು. ಗಾಡಿಯನ್ನು ತೋಟದ ಹಾದಿಗೆ ತಳ್ಳಿರಿ ಎಂದ ಕಾಕಾ. ಕೆಳಗಿನಿಂದಲೇ ಗೇರ್ ಬಾಕ್ಸಿನ ಮೋಟು ಕೈಯನ್ನು ಒತ್ತಿ ನ್ಯೂಟ್ರಲ್ ಮಾಡಿದೆ. ಮೂವರೂ ಸೇರಿ ತಳ್ಳಿ, ಹೊರಳಿಸಿ, ಬೇವಿನ ಗಿಡ ಸುತ್ತಿಸಿ ನೆರಳಿಗೆ ನಿಲ್ಲಿಸಿದೆವು. ಆಮೇಲೆ ಅವನು ಹೋದ. ನಮಾಜಿಗೆ ಹೋದ, ಹಾಗಾಗಿ ಅದು ಶುಕ್ರವಾರ ಎಂದು ನಾನು ಬಹಳ ದಿನ ನಂಬಿದ್ದೆ. ಕರೆಂಟ್ ಬಂತೆಂದು ಮೋಟರ್ ಹಚ್ಚಲು ಹೋದ ಎನ್ನುತ್ತಾಳೆ ಅಕ್ಕ.

ಸರಳನ್ನು ಗುರುತಿನ ಪ್ರಕಾರ ಕೂಡಿಸಿದೆ. ಅಕ್ಕ ಸೀಟಿನಲ್ಲಿ ಕೂತು ಗೇರ್ ಹಾಕಿ ನೋಡಿದಳು. ಒಂದು ಬಿತ್ತು, ಮೂರು ಬಿತ್ತು. ಎರಡು ಬೀಳಲಿಲ್ಲ, ನಾಲ್ಕೂ ಬೀಳಲಿಲ್ಲ. ಮುಂದಕ್ಕೆ ದೂಡಿದರೆ ಬರುತ್ತದೆ, ಹಿಂದಕ್ಕೆ ಎಳೆದರೆ ಕೆಳಗೆ ಠಣ್ ಎಂದು ಎಲ್ಲೋ ಬಡಿದು ನಿಲ್ಲುತ್ತದೆ. ತಪ್ಪು ನನ್ನ ಬುಶ್‌ನದೇ ಎಂದುಕೊಂಡೆ. ಬಿಚ್ಚಿ, ಪೈಪನ್ನು ಇನ್ನೂ ತೆಳ್ಳಗೆ ಕೊಯ್ದು, ಮತ್ತೆ ಗುರುತಿನ ಪ್ರಕಾರವೇ ಕೂಡಿಸಿದೆ. ಮತ್ತೆ ಠಣ್. ಹಾಗೇ ಹೊರಟುಬಿಡೋಣವೆಂದರೆ ಒಂದರಿಂದ ಮೂರಕ್ಕೆ ಹಾರಿಸಿದಾಗ ಗಾಡಿ ಕುಲುಕುವ ಕುಲುಕಿಗೆ ಬುಟ್ಟಿಯಲ್ಲಿ ರೊಟ್ಟಿ ಉಳಿಯುವುದಿಲ್ಲ, ನುಚ್ಚು ಉಳಿಯುತ್ತದೆ.

“ಈಗ ಎಲಿ ಹಾಕಾಕತ್ತಿರ್ತಾರ” ಎಂದಳು ಅಕ್ಕ, ಮೇಲಿನಿಂದ, ಬಹಳ ಸಣ್ಣ ದನಿಯಲ್ಲಿ.

ಸರಳಿನ ಬಾಗು ಅಡ್ಡಪಟ್ಟಿಗೆ ಬಡಿಯುತ್ತಿದ್ದುದು ಈಗ ಕಣ್ಣಿಗೇ ಕಾಣುತ್ತಿತ್ತು. ಎಂದೂ ಬಡಿಯದ್ದು ಇಂದು ಯಾಕೆ ಬಡಿಯುತ್ತದೆ?

“ಅಕ್ಕಾ, ಮೂಡಲ ಅಂತ ಬರದ ತುದಿ ಮೂಡಲಕ್ಕನ ಐತೆಲ್ಲ?”

“ಮೂಡಲಕ್ಕನ ಐತಿ. ನಾನ ನೋಡಿ ಕೊಟ್ಟೇನಿ.”

ಆಮೇಲೆ ಅವಳೇ ಕೇಳಿದಳು. “ಲೇ, ಗಾಡಿ ಮಾರಿ ಈಗ ಎತ್ತಾಗೈತಿ?”

“ಪಡುವಲಕ್ಕ.”

ಮೇಲೆ ಸೀಟು ಅಲುಗಾಡಿತು. ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ಕೆಳಗಿದ್ದ ನನಗೆ ತಿಳಿಯಲಿಲ್ಲ. ಗುರುತು ಹಾಕುವಾಗ ಮೂಡಲಕ್ಕೆ ಮುಖ ಮಾಡಿದ್ದ ಗಾಡಿಯನ್ನು ನಾವೇ ಹೊರಳಿಸಿದ್ದೆವು. ಮೂಡಲ ಮಾತ್ರ ಇದ್ದಲ್ಲೇ ಇತ್ತು. ಇಬ್ಬರೂ ಎರಡೆರಡು ಸಲ ನೋಡಿ, ಖಾತ್ರಿ ಮಾಡಿಕೊಂಡು, ಸರಳನ್ನು ತಿರುವುಮುರುವಾಗಿ ಕೂಡಿಸಿದ್ದೆವು.

ಈ ಭಾಗವನ್ನು ಅಕ್ಕನಿಗೆ ಓದಿ ಹೇಳಿದೆ. ನಾನು ಅಂದದ್ದು ‘ಪಡುವಲಕ್ಕ’ ಅಲ್ಲ, ‘ಮೂಡಲಕ್ಕ’ ಎಂದಳು. ಅವಳದು ನಿಜವಾದರೆ ನಾವು ಮೊದಲು ಪಡುವಲಕ್ಕೆ ಹೊರಟಿದ್ದೆವು, ಅಂದರೆ ಸಿಂದಗಿ ದಾಟಿ ಬಾಗೇವಾಡಿಯ ದಾರಿ ಹಿಡಿದಿದ್ದೆವು. ನನ್ನದು ನಿಜವಾದರೆ ಇನ್ನೂ ಮೂಡಲಕ್ಕೆ ಹೊರಟಿದ್ದೆವು, ಅಂದರೆ ಸಿಂದಗಿಯ ಈಚೆ. ಇಬ್ಬರಿಗೂ ಅವರವರ ದನಿ ಸ್ಪಷ್ಟವಾಗಿ ಕೇಳಿಸುತ್ತದೆ. ಹೇಗಿದ್ದರೂ ತಪ್ಪು ಅದೇ, ಸರಿಮಾಡಿದ್ದೂ ಅದೇ: ಸರಳು ಕಳಚಿ, ತಿರುಗಿಸಿ, ತಂತಿ ಬಿಗಿದು, ಮೈಯ ಧೂಳನ್ನೂ ಕೊಡವದೆ ಎದ್ದು ಕೂತೆ. ಎರಡನೇ ಗೇರು ಬೆಣ್ಣೆಗೆ ಬೆರಳಿಟ್ಟ ಹಾಗೆ ಬಿತ್ತು.

ಆಮೇಲಿನ ದಾರಿಯನ್ನು ನಾನು ಚೆನ್ನಾಗಿ ಓಡಿಸಿದೆ. ತಗ್ಗು ಬಂದಲ್ಲಿ ಅಕ್ಕ ಹಿಂದೆ ಹೊರಳಿ ಎರಡೂ ಕೈ ಚಾಚಿ ಬುಟ್ಟಿ ಹಿಡಿಯುತ್ತಿದ್ದಳು. ಬಾಗೇವಾಡಿಯ ಮದುವೆ ಮಂಟಪದ ಹಿಂಬಾಗಿಲಿಗೆ ಗಾಡಿ ಹಚ್ಚಿದಾಗ ಒಳಗಿನಿಂದ ಗದ್ದಲ ಕೇಳುತ್ತಿತ್ತು, ಯಾವ ಗದ್ದಲವೆಂದು ತಿಳಿಯಲಿಲ್ಲ. ಮದುಮಗಳ ದೊಡ್ಡವ್ವ ಹೊರಗೆ ಬಂದಳು. ಬುಟ್ಟಿಯ ಧೋತರ ಎತ್ತಿ ನೋಡಿದಳು. ಮೇಲಿನ ಕೆಲವು ಒಡೆದಿದ್ದವು, ಕೆಳಗಿನವು ಚಂದ್ರನ ಹಾಗೆ ಇಡಿಯಾಗಿದ್ದವು.

“ಬಂದ್ರ್ಯಾ? ಒಳಗ ಇಡ್ರಿ” ಎಂದಳು. ಅಷ್ಟೇ. ಹೆಂಗಸರು ಬುಟ್ಟಿ ಎತ್ತಿಕೊಂಡು ಹೋದರು, ಖಾಲಿ ಬುಟ್ಟಿ ಬೇರೆ ಯಾರೋ ತಂದುಕೊಟ್ಟರು.

ಹಿಂಬಾಗಿಲ ಪಕ್ಕ ಉಂಡ ಎಲೆಗಳ ರಾಶಿ ಬಿದ್ದಿತ್ತು. ಬೆಳಿಗ್ಗೆ ಉಪ್ಪಿಟ್ಟು ತಿಂದ ಎಲೆಗಳಿರಬಹುದು. ಮೊದಲ ಪಂಕ್ತಿ ಎದ್ದುಹೋದ ಎಲೆಗಳೂ ಇರಬಹುದು. ಅಕ್ಕ ಅದರ ಹತ್ತಿರ ಹೋಗಿ ಸ್ವಲ್ಪ ಹೊತ್ತು ನಿಂತು ನೋಡಿದಳು, ಬಂದು ಗಾಡಿ ಹತ್ತಿದಳು. ಏನು ಕಂಡಿತೆಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಮುಂದೆ ಮುದ್ದೇಬಿಹಾಳದಿಂದ ಒಂದು ಮದುವೆಯವರು ರೊಟ್ಟಿ ಕೇಳಿಕೊಂಡು ಬಂದರು, ಆಮೇಲೆ ಇನ್ನೊಬ್ಬರು. ಈಗ ಅಕ್ಕನ ಜೊತೆ ಆರೇಳು ಹೆಂಗಸರು ರೊಟ್ಟಿ ಬಡಿಯುತ್ತಾರೆ. ನಾವು ವೇಳೆಗೆ ಮುಟ್ಟಿದ್ದೆವು ಎಂಬುದಕ್ಕೆ ಅದೇ ಪುರಾವೆ ಎನ್ನುತ್ತಾಳೆ ಅವಳು. ಮುದ್ದೇಬಿಹಾಳದವರಿಗೆ ನಮ್ಮ ಸುದ್ದಿ ಬಾಗೇವಾಡಿಯಿಂದ ಹೋಯಿತೋ, ಇಂಡಿಯ ಖಾನಾವಳಿಯಿಂದ ಹೋಯಿತೋ ಕೇಳಿದವರಿಲ್ಲ. ಬೀಗರ ಎಲೆಗೆ ಅಂದು ನಮ್ಮ ರೊಟ್ಟಿ ಬಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.