ಕತ್ತರಿಸಿದ ಹಸಿರು ಬೀಗ

ಗಾಳಿ ಬೀಸಿದ ಮಾತ್ರಕ್ಕೆ ಕರೆಂಟು ಹುಟ್ಟುವುದಿಲ್ಲ. ಗಾಳಿಯಂತ್ರದ ರೆಕ್ಕೆಯನ್ನು ಗಾಳಿ ನಿಮಿಷಕ್ಕೆ ಹದಿನೈದು ಸುತ್ತು ತಿರುಗಿಸಿದರೆ, ಕಂಬದ ತುದಿಯ ಗೂಡಿನೊಳಗೆ ಗೇರ್‌ಬಾಕ್ಸ್ ಅದನ್ನು ಸಾವಿರದೈನೂರು ಮಾಡುತ್ತದೆ. ಆ ವೇಗಕ್ಕೆ ಜನರೇಟರ್ ತಿರುಗಿದರೇ ನಿಮ್ಮ ಮನೆಗೆ ದೀಪ. ಅದರ ಪಕ್ಕ ಕೈಯಿಟ್ಟು ಕೆಲಸ ಮಾಡುವ ಮನುಷ್ಯರಿದ್ದಾರೆ. ಇಷ್ಟಾದರೂ ನಿಮಗೆ ಗೊತ್ತಿರಬೇಕಿತ್ತು.

ಎಲ್ಲರೂ ಫಿಟ್ಟರಕ್ಕ ಎನ್ನುವ ಹೆಂಗಸು, ಅವಳ ತಮ್ಮ, ಇಬ್ಬರೂ ಅಂಥವರು. ಅಲ್ಲೊಂದು ನಿಯಮ: ಹತ್ತುವವನು ಯಂತ್ರ ನಿಲ್ಲಿಸಿ, ಕಂಬದ ಬುಡದ ಸ್ವಿಚ್ಚಿಗೆ ತನ್ನ ಬೀಗ ಜಡಿದು, ಕೀಲಿ ಜೇಬಿಗಿಟ್ಟುಕೊಂಡು ಹತ್ತಬೇಕು. ಹಾಕಿದವನೇ ತೆಗೆಯಬೇಕು, ಬೇರೆ ಯಾರೂ ಮುಟ್ಟುವಂತಿಲ್ಲ. ತಮ್ಮನ ಬೀಗಕ್ಕೆ ಹಸಿರು ಬಣ್ಣ ಬಳಿದುಕೊಟ್ಟವಳು ಅಕ್ಕನೇ.

ಆ ದಿನ ಒಳ್ಳೆಯ ಗಾಳಿ. ಯಂತ್ರ ಸುಮ್ಮನೆ ನಿಂತದ್ದು ಸೂಪರ್‌ವೈಸರನ ಕಣ್ಣು ಚುಚ್ಚಿತು. ಹಾಕಿದವನು ಬೀಗ ತೆಗೆಯಲು ಮರೆತು ಊಟಕ್ಕೆ ಹೋಗಿದ್ದಾನೆಂದು ತಾನೇ ತೀರ್ಮಾನಿಸಿದ, ಕತ್ತರಿಸಿದ, ಚಾಲು ಮಾಡಿದ. ತಮ್ಮ ಮೇಲಿದ್ದ. ಬಲಗೈ ಮೊಣಕೈವರೆಗೆ ಹೋಯಿತು. ಬೀಗವನ್ನೇ ಹಾಕಿರಲಿಲ್ಲ, ಕಾರ್ಮಿಕನದೇ ತಪ್ಪು ಎಂದು ವರದಿ ಬರೆದರು. ಜೊತೆಯವರಿಬ್ಬರು ಓದದೆ ಸಾಕ್ಷಿ ಸಹಿ ಹಾಕಿದರು.

ತುಂಡಾದ ಹಸಿರು ಬೀಗ ಕಂಬದ ಬಾಗಿಲಾಚೆಯ ಹುಲ್ಲಿನಲ್ಲಿ ಅಕ್ಕನಿಗೆ ಸಿಕ್ಕಿತು. ಆಫೀಸಿಗೆ ಕೊಟ್ಟರೆ ಮಾಯವಾಗುತ್ತದೆಂದು ಅವಳಿಗೆ ಗೊತ್ತಿತ್ತು. ಬೋಲ್ಟಿನ ಡಬ್ಬಿಯಲ್ಲಿಟ್ಟು, ಎರಡು ವರ್ಷ ಅದೇ ಸೂಪರ್‌ವೈಸರನಿಗೆ ದಿನವೂ ನಮಸ್ಕಾರ ಹೇಳುತ್ತ ಕಾದಳು.

ತಪಾಸಣೆಯವರು ಬಂದ ದಿನ ಯಂತ್ರ ನಿಲ್ಲಿಸಿ, ಅದೇ ಸ್ವಿಚ್ಚಿಗೆ ತನ್ನ ಬೀಗ ಜಡಿದು ಕಂಬದೊಳಗಿನ ಏಣಿಯ ಹಿಂದೆ ನಿಂತಳು. ನಿಂತ ಯಂತ್ರದ ಮುಂದೆ ಸೂಪರ್‌ವೈಸರ್ ಬೆವರಿದ, ಕಟರ್ ತರಿಸಿದ, ಮುಜುಗರದಲ್ಲಿ ಬಾಯಿ ಜಾರಿ ಹೇಳಿಬಿಟ್ಟ.

"ಮೇಲೆ ಯಾರೂ ಇರಲ್ಲ ಸಾರ್, ಇವರದೆಲ್ಲ ಬರೀ ಮರೆವು. ಎರಡು ವರ್ಷದ ಹಿಂದೆನೂ ಇಲ್ಲೇ ಒಂದು ಬೀಗ ಕತ್ತರಿಸಿದ್ದೆ."

ಅಕ್ಕ ಏಣಿಯ ಹಿಂದಿನಿಂದ ಬಂದು ಹಸಿರು ತುಂಡು ಎತ್ತಿ ಹಿಡಿದಳು.

"ಇದೇ ತಾನೆ ಸಾರ್? ಹಾಕೇ ಇರ್ಲಿಲ್ಲ ಅಂತ ಬರೆದಿದ್ರಲ್ಲ."

ವರದಿ ತಿದ್ದಿದರು, ಸೂಪರ್‌ವೈಸರನನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದರು. ಕ್ಷಮೆ ಕೇಳಲು ಬಂದವನನ್ನು ಅಕ್ಕ ಹೊಸ್ತಿಲಲ್ಲೇ ತಡೆದಳು.

"ಎಡಗೈ ಒಂದರಲ್ಲೇ ಅಂಗಿ ಗುಂಡಿ ಹಾಕ್ಕೊಂಡು ಬನ್ನಿ. ಆಮೇಲೆ ಮಾತಾಡೋಣ."

ಇದು ಸೇಡು ಎನ್ನುವವರಿದ್ದಾರೆ. ಹೌದು, ಸೇಡೇ. ಸಾಲದು ಎಂಬುದಷ್ಟೇ ನನ್ನ ತಕರಾರು. ಸಹಿ ಹಾಕಿದ ಇಬ್ಬರು ಇನ್ನೂ ಅಲ್ಲೇ ಹಾಯಾಗಿದ್ದಾರೆ. ಕಾರ್ಮಿಕನದೇ ತಪ್ಪು ಎನ್ನುವ ಕಾಗದ ನಾಳೆ ನಿಮ್ಮ ಮುಂದೆಯೂ ಬರುತ್ತದೆ. ಪೆನ್ನು ಕೆಳಗಿಡಿ. ಮೊದಲು ಹೋಗಿ ಹುಲ್ಲಿನಲ್ಲಿ ಹುಡುಕಿ.