ಹದಿನೇಳನೇ ಟ್ಯೂಬಿನ ಬೆಲ್ಲ

ನನ್ನ ಸೋದರಮಾವ ಭದ್ರಾವತಿಯ ಒಂದು ಸಣ್ಣ ಫೌಂಡ್ರಿಯಲ್ಲಿ ಮೂವತ್ತು ವರ್ಷ ಮರಳಿನ ಅಚ್ಚು ಮಾಡಿದವರು. ಶಿಫ್ಟ್ ಮುಗಿದ ಮೇಲೆ ಅಲ್ಲಿಯವರೆಲ್ಲ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಎದೆಗೆ ಹೋದ ದೂಳು ಇಳಿಯುತ್ತದೆಂಬ ನಂಬಿಕೆ. ಕೆಲಸ ಬಿಟ್ಟ ಮೇಲೆ ಉಳಿದವರು ಆ ಅಭ್ಯಾಸವನ್ನೂ ಬಿಟ್ಟರು. ಮಾವ ನಿವೃತ್ತರಾದರೂ ಅವರ ಜೇಬಿನ ಬೆಲ್ಲದ ಪೊಟ್ಟಣ ನಿವೃತ್ತವಾಗಲಿಲ್ಲ.

ಶಿವಮೊಗ್ಗದ ಲ್ಯಾಬಿನಲ್ಲಿ ನಾನು ಮಾಡುವ ಸಂಶೋಧನೆಯೂ ಅದೇ ದೂಳಿನದು. ಶ್ವಾಸಕೋಶದಲ್ಲಿ ಕಸ ನುಂಗಿ ಅರಗಿಸುವ ಜೀವಕೋಶಗಳಿವೆ. ಪಾಪ, ಮರಳಿನ ಕಣವನ್ನೂ ನುಂಗುತ್ತವೆ. ಅರಗದೆ ಒಡೆದು ಸಾಯುತ್ತವೆ. ಹೊರಬಿದ್ದ ಕಣವನ್ನು ಇನ್ನೊಂದು ಬಂದು ನುಂಗುತ್ತದೆ. ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳಿಗೆ ಮರಳಿನ ಪುಡಿ ಹಾಕಿ ನಾನು ದಿನಾ ನೋಡುವುದು ಇದನ್ನೇ. ಸಾಯುವಾಗ ಅವು ಬಿಡುವ ಪ್ರೋಟೀನುಗಳಿಂದ ಸುತ್ತಲೂ ಉರಿಯೂತ, ಆಮೇಲೆ ಕಲೆ. ಅಂಥ ಒಂದು ಪ್ರೋಟೀನನ್ನು ರಕ್ತದಲ್ಲಿ ನೋಡಿಯೇ ಕಾಯಿಲೆಯನ್ನು ಮೊದಲೇ ಹಿಡಿಯಬಹುದೇ ಎಂಬುದು ನಮ್ಮ ಪ್ರಶ್ನೆ.

“ಬೆಲ್ಲ ಹೋಗೋದು ಹೊಟ್ಟೆಗೆ, ದೂಳಿರೋದು ಎದೇಲಿ” ಎಂದು ಎಷ್ಟು ಸಲ ಜಗಳವಾಡಿದ್ದೇನೋ.

“ನೀನು ಪುಸ್ತಕ ಓದಿ ಕಲ್ತೆ ಮಾರಾಯ್ತಿ, ನಾನು ದೂಳು ಕುಡಿದು ಕಲ್ತೆ” ಎನ್ನುತ್ತಿದ್ದರು.

ಯಾವ ತೊಂದರೆಯೂ ಇಲ್ಲದ ಹಳೆಯ ಫೌಂಡ್ರಿ ಕೆಲಸಗಾರರ ರಕ್ತ ಬೇಕಾದಾಗ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹಣೆತುಂಬ ವಿಭೂತಿ ಹಚ್ಚಿಕೊಂಡು ಮೊದಲು ಬಂದವರೇ ಮಾವ. ಯಾರ ರಕ್ತ ಯಾವುದೆಂದು ನಮಗೆ ತಿಳಿಯಬಾರದು. ಅದಕ್ಕೇ ಬಂದವರೇ ಡಬ್ಬದಿಂದ ನಂಬರಿನ ಚೀಟಿ ಎತ್ತಿ ತಮ್ಮ ಟ್ಯೂಬಿಗೆ ಅಂಟಿಸುತ್ತಿದ್ದರು. ಹೆಸರಿನ ಪಟ್ಟಿ ಲ್ಯಾಬಿನ ಮುಖ್ಯಸ್ಥೆ, ನಮ್ಮ ಮೇಡಂ ಬೀರುವಿನಲ್ಲಿ; ಅದನ್ನು ತೆರೆಯುವುದು ಕೆಲಸವೆಲ್ಲ ಮುಗಿದು, ಮುಂದಿನ ವರ್ಷ.

ಹದಿನೇಳನೇ ಟ್ಯೂಬಿನಲ್ಲಿ ಆ ಪ್ರೋಟೀನ್ ಎಲ್ಲರಿಗಿಂತ ಜಾಸ್ತಿ ಬಂತು. ಯಾರೋ ಪಾಪ ಅಂದುಕೊಳ್ಳುತ್ತ, ಇನ್ನೊಮ್ಮೆ ಪರೀಕ್ಷಿಸಲು ಅದನ್ನು ಫ್ರೀಜರಿನಿಂದ ತೆಗೆದೆ. ಚೀಟಿಯ ಮೇಲೆ ಕಂದು ಬಣ್ಣದ ಹೆಬ್ಬೆಟ್ಟಿನ ಗುರುತು. ಮುಟ್ಟಿದೆ, ಗ್ಲೌಸಿಗೆ ಅಂಟಿತು. ಬೆಲ್ಲ! ಮಾವನ ಬೆರಳೆಂದು ಹೊಳೆದದ್ದೇ ಟ್ಯೂಬನ್ನು ಫ್ರೀಜರಿಗೆ ವಾಪಸ್ ಇಟ್ಟೆ.

ಮೇಡಂ ಹತ್ತಿರ ಎಲ್ಲ ಹೇಳಿದೆ. “ಒಂದು ಪ್ರೋಟೀನ್ ನೋಡಿ ಕಾಯಿಲೆ ಅನ್ನಕ್ಕಾಗಲ್ಲ ಕಣಮ್ಮ” ಎಂದವರು ಬೀಗದ ಕೈ ತೆಗೆದು ಬೀರು ತೆರೆದರು. “ಆದ್ರೂ ಒಂದು ವರ್ಷ ಕಾಯೋದು ತಪ್ಪು. ಜಾಸ್ತಿ ಇರೋರನ್ನೆಲ್ಲ ಈಗ್ಲೇ ಕರೆಸಿ ಎಕ್ಸ್‌ರೇ ಮಾಡಿಸೋಣ.”

ಮಾವನ ಜೊತೆ ನಾನೇ ಹೋದೆ. ಎಕ್ಸ್‌ರೇಯಲ್ಲಿ ಎರಡೂ ಶ್ವಾಸಕೋಶಗಳ ಮೇಲ್ಭಾಗದಲ್ಲಿ, ಸಣ್ಣ ಸಣ್ಣ ಚುಕ್ಕೆ. “ಈ ಕಲೆ ಹೋಗಲ್ಲ” ಎಂದರು ಡಾಕ್ಟರು. “ಸದ್ಯ ಕಮ್ಮಿ ಇದೆ. ಬೇಗ ಗೊತ್ತಾಗಿದ್ದು ಒಳ್ಳೇದಾಯ್ತು. ತಪ್ಪದೆ ಬಂದು ತೋರಿಸ್ತಾ ಇರಿ.”

ಭದ್ರಾವತಿಗೆ ವಾಪಸಾಗುವ ಬಸ್ಸು ಮಲವಗೊಪ್ಪ ದಾಟಿತು. ಮಾವ ಪೊಟ್ಟಣ ತೆಗೆದು ನೋಡುತ್ತ, “ಮೂವತ್ತು ವರ್ಷ ತಿಂದೆ. ನೀನು ಹೇಳಿದ್ದೇ ಸರಿ ಬಿಡು” ಎಂದರು.

ಆ ಮಾತು ಕೇಳಲೆಂದೇ ಅಷ್ಟು ವರ್ಷ ಹಟ ಹಿಡಿದವಳು ನಾನು. ಹಾಳಾದ ಗೆಲುವು, ಯಾರಿಗೆ ಬೇಕಿತ್ತು!

“ಬೆಲ್ಲದಿಂದ್ಲೇ ಗೊತ್ತಾಗಿದ್ದು ಮಾವ” ಎಂದೆ. “ನಿಮ್ಮ ಬೆರಳಿನ ಬೆಲ್ಲ ಆ ಚೀಟಿಗೆ ಅಂಟದೇ ಇದ್ದಿದ್ರೆ ಇನ್ನೊಂದು ವರ್ಷ ಯಾರಿಗೂ ಗೊತ್ತಾಗ್ತಿರಲಿಲ್ಲ.”

ಮಾವ ನನ್ನ ಮುಖವನ್ನೇ ನೋಡಿದರು. ಚೂರನ್ನು ಎರಡು ಮಾಡಿ, ದೊಡ್ಡದನ್ನು ನನ್ನ ಅಂಗೈಗೆ ಹಾಕಿದರು.

“ನೀನೂ ದಿನಾ ಆ ಮರಳಿನ ಪುಡಿ ಮುಟ್ತೀಯಲ್ಲ. ತಿನ್ನು.”

ಮಾಸ್ಕಿದೆ, ಗ್ಲೌಸಿದೆ ಎಂದು ವಾದಿಸಲಿಲ್ಲ. ತಿಂದೆ.