ವಿನತೆಯ ತತ್ತಿ

ಆ ದಿನ ಬೆಳಿಗ್ಗೆ ಕೂಸಿಗೆ ಎಣ್ಣೆ ಹಚ್ಚಿ ಎರೆದೆ, ಲೋಬಾನದ ಹೊಗೆ ಹಾಕಿದೆ, ಬಾಣಂತಿಗೆ ಸಜ್ಜಕ ಮಾಡಿದೆ, ಬಸುರಿಗೆ ಮಜ್ಜಿಗೆ ಕಡೆದಿಟ್ಟೆ, ರೊಟ್ಟಿ ಬಡಿದೆ, ಕೂಸಿನ ಅರಿವೆ ಒಗೆದು ಹಗ್ಗಕ್ಕೆ ಹಾಕಿದೆ.

ಬಾಣಂತಿ ನನ್ನ ಕಿರಿಯ ಮಗಳು, ಬಸುರಿ ಹಿರಿಯವಳು. ಇಬ್ಬರೂ ಹೆರಿಗೆಗೆಂದು ಒಟ್ಟಿಗೇ ತವರಿಗೆ ಬಂದಿದ್ದರು. ಮದುವೆಯಲ್ಲಿ ಹಿಂದಿದ್ದ ತಂಗಿ ಹೆರಿಗೆಯಲ್ಲಿ ಮುಂದಾದದ್ದು ಹಿರಿಯವಳಿಗೆ ಒಳಗೇ ಕುದಿಯುತ್ತಿತ್ತು. ಅವಳ ಅತ್ತೆ ಬೇರೆ ಫೋನಿನಲ್ಲಿ, "ತಂಗಿನೇ ಗೆದ್ದಳಲ್ಲವಾ," ಎಂದು ನಕ್ಕಿದ್ದರು.

ನಡುಮನೆಯ ತೊಲೆಗೆ ಕಲಘಟಗಿಯ ಬಣ್ಣದ ತೊಟ್ಟಿಲು ಕಟ್ಟಿತ್ತು. ಇಬ್ಬರೂ ಅದರಲ್ಲೇ ಬೆಳೆದವರು; ಈಗ ಕೂಸು ಅದರಲ್ಲಿ ಮಲಗಿತ್ತು. ಹಿರಿಯವಳು ಅದರ ಧೂಳು ಒರೆಸುತ್ತ, "ನಂದೂ ಬಂದರ ಎಲ್ಲಿ ಹಾಕೂದು?" ಎಂದಳು.

"ಬಸ್ಸಿನ್ಯಾಗ ಟವೆಲ್ ಹಾಕಿದವರಿಗೇ ಸೀಟು, ಅಕ್ಕಾ. ನನ್ನ ಮಗಳು ಆಗಲೇ ಹಾಕ್ಯಾಳ," ಎಂದು ಕಿರಿಯವಳು ನಕ್ಕಳು.

ಹಿರಿಯವಳು ನಗಲಿಲ್ಲ. ಒಳಗೆ ಹೋಗಿ ಚೀಲ ತಂದಳು. "ಯವ್ವಾ, ಹುಬ್ಬಳ್ಳಿಗೆ ಹೋಗೂಣು ನಡಿ. ಇವತ್ತ ಆಪರೇಶನ್ ಮಾಡಿ ಕೂಸು ತಗೀರಿ ಅಂತೀನಿ."

"ಕೂಸು ಆರಾಮ ಐತಿ, ಇನ್ನೂ ತಿಂಗಳ ತಡೀರಿ ಅಂದಾರಲ್ಲವಾ ಡಾಕ್ಟರ್ರು."

"ಅವರು ಒಲ್ಲೆ ಅಂದರ ಬ್ಯಾರೇದವರು ಮಾಡ್ತಾರ."

ಹೆದರಿಕೆಗೆ ನನ್ನ ಬಾಯಿಗೆ ಮಠದಲ್ಲಿ ಕೇಳಿದ ಪುರಾಣ ಬಂತು. ಕದ್ರು, ವಿನತೆ ಅಕ್ಕತಂಗಿಯರು, ಸವತಿಯರೂ ಹೌದು. ಕದ್ರುವಿನ ತತ್ತಿಗಳು ಮೊದಲು ಒಡೆದು ನಾಗಗಳು ಹೊರಬಂದವು. ವಿನತೆಗೆ ತಡೆಯಲಾಗಲಿಲ್ಲ. ತನ್ನ ಎರಡು ತತ್ತಿಗಳಲ್ಲಿ ಒಂದನ್ನು ಕೈಯಾರೆ ಒಡೆದಳು. ಒಳಗಿದ್ದ ಅರುಣನಿಗೆ ಇನ್ನೂ ಕಾಲು ಮೂಡಿರಲಿಲ್ಲ. ಅವನು ಹಡೆದ ತಾಯಿಗೇ ಶಾಪ ಕೊಟ್ಟ.

ಬಸುರಿಯ ಮುಂದೆ ಹೇಳುವ ಕಥೆಯೇ ಅದು? ಅವಳ ಕೈ ಹೊಟ್ಟೆಯ ಮೇಲೆ ಹೋಯಿತು. "ನನ್ನ ಕೂಸಿಗೆ ಕಾಲಿಲ್ಲಂತೀಯೇನಬೇ? ತಾಯಿ ಆಡೂ ಮಾತೇನ ಇದು?"

ಕಿರಿಯವಳ ಮುಖ ಸಣ್ಣದಾಯಿತು. ಕೂಸನ್ನು ತೊಟ್ಟಿಲಿನಿಂದ ಎತ್ತಿ ಚಾಪೆಯ ಮೇಲೆ ಮಲಗಿಸಿದಳು. "ತೊಟ್ಟಲಾ ನಿನ್ನ ಕೂಸಿಗೇ ಇರಲಿ, ಅಕ್ಕಾ. ಬಸ್ ಹತ್ತಬ್ಯಾಡ."

ಎತ್ತಿದ ರಭಸಕ್ಕೆ ಖಾಲಿ ತೊಟ್ಟಿಲು ತೂಗುತ್ತಲೇ ಇತ್ತು. ಖಾಲಿ ತೊಟ್ಟಿಲು ತೂಗಿದರೆ ಕೂಸಿಗೆ ಕೇಡು ಎನ್ನುತ್ತಾರೆ ನಮ್ಮಲ್ಲಿ. ಹಿರಿಯವಳೂ ಅದನ್ನೇ ನೋಡುತ್ತಿದ್ದಳು. ಚೀಲವನ್ನು ಬಾಗಿಲ ಬಳಿ ಬಿಟ್ಟು ಬಂದು, ಎರಡೂ ಕೈಯಿಂದ ಹಿಡಿದು ತೊಟ್ಟಿಲು ನಿಲ್ಲಿಸಿದಳು.

"ಹಾಕು ಅದನ್ನ ಇದರಾಗ," ಎಂದಳು, ತಂಗಿಯ ಕಡೆ ನೋಡದೆ. "ನಂದು ಬರೂತನಕ ಅಷ್ಟ."

ಹುಬ್ಬಳ್ಳಿ ಬಸ್ಸು ಹಾರ್ನ್ ಹಾಕಿ ಹೋಯಿತು. ಚೀಲ ಮಾತ್ರ ಸಂಜೆಯವರೆಗೆ ಬಾಗಿಲಲ್ಲೇ ಇತ್ತು. ಒಳಗಿಡು ಎನ್ನಲು ನನಗೆ ಧೈರ್ಯವಾಗಲಿಲ್ಲ.

ರಾತ್ರಿ ಊಟಕ್ಕೆ ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು. ಉಂಡೆದ್ದ ಹಿರಿಯವಳು ತಾನೇ ಚೀಲ ಬಿಚ್ಚಿ, ಹಳೆಯ ಸೀರೆಯೊಂದನ್ನು ತೆಗೆದು ಹೊದ್ದುಕೊಂಡಳು. ಎಲ್ಲರಿಗಿಂತ ಮೊದಲು ನಿದ್ದೆ ಹೋದವಳೂ ಅವಳೇ.